ಬೇರೆ ಇಡಿ

ಐದು ರಸ್ತೆಯ ನಮ್ಮ ಸೊಸೈಟಿಗೆ
ಸಾಲು ಕರಗಿದ ಮೇಲೆ ಬಂದ ಕೋಂಡು ಯೆಡಗೆ,
ರುಮಾಲು ಬಿಚ್ಚಿ ಕೌಂಟರಿನ ಮೇಲೆ
ಮೂರು ಗಂಟು ಇಟ್ಟ.

ದೊಡ್ಡದು ಕಬರಿ. ಮೂವತ್ತೆಂಟು ಸಾವಿರ.
ನಡುವಿನದು ಯಲ್ಲಾಪುರ ನಾಕೆಯ ಡಾಂಬರು ಕೂಲಿ.
ಚಿಕ್ಕದನ್ನು ಉಗುರಿನಿಂದ ದೂಡಿದ:
ಹುಡುಗನ ಎರಡು ಬೆರಳಿಗೆ
ಸಾಮಿಲ್ಲಿನವರು ಕೊಟ್ಟದ್ದು.

‘ಬೇರೆ ಬೇರೆ ಇಡಿ ಬಾಯೀ.
ಒಂದರ ಮೈ ಒಂದಕ್ಕೆ ತಾಗಬಾರದು.
ಎಮ್ಮೆಯ ದುಡ್ಡಿಗೆ ಎಮ್ಮೆಯೇ ಬರಬೇಕು.
ಕೂಲಿಯದು ಅಕ್ಕಿಗಾಯ್ತು, ಎಣ್ಣೆಗಾಯ್ತು.
ಬೆರಳಿನ ದುಡ್ಡಲ್ಲಿ ಎಮ್ಮೆ ತಂದರೆ
ಅದರ ಹಾಲು ಕುಡಿಯುವವರು ಯಾರು?’

ಒಬ್ಬರಿಗೆ ಒಂದೇ ಖಾತೆ ಅಂದೆ.
‘ಹಾಗಾದರೆ ಕಬರಿ ಒಬ್ಬಳೇ ಇರಲಿ’ ಅಂದ.
ನಾಮಿನಿಯ ಸಾಲಿಗೆ ಹೆಸರು ಕೇಳಿದರೆ
ಚಂದರಿಯ ಮಗಳು ಮೋರಿ, ಮೋರಿಯ ಮಗಳು ಕಬರಿ,
ಮೋರಿ ತನ್ನ ಹೆಂಡತಿಯ ಹಿಂದೆಯೇ
ಕಿರವತ್ತಿಯಿಂದ ನಡೆದು ಬಂದವಳು ಎಂದೆಲ್ಲ ಹೇಳಿದ.
ನಾನು ನಕ್ಕೆ. ಎಣಿಸುವ ಯಂತ್ರ
ಕಬರಿಯನ್ನು ಫರ್ರೆಂದು ನುಂಗಿತು.

ಶಿಲಂಗಣ ಮುಗಿದ ವಾರ ಮತ್ತೆ ಬಂದ.
ಕೊಟ್ಟ ನೋಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು
‘ಇವು ಅವಲ್ಲ.
ಮೇಲಿನ ನೋಟಿಗೆ ಅರಿಶಿನ ಹಚ್ಚಿದ್ದೆ.’

ಎಲ್ಲ ಒಂದೇ ಅಲ್ಲವೇ ಅನ್ನಲು ಬಾಯಿ ತೆರೆದವಳು
ತಡೆದೆ. ಮಾಜಾಳಿಯಲ್ಲಿ ಅವ್ವಿ
ಬಂಗಡೆ ಮಾರಿದ ನೋಟನ್ನು
ನನ್ನ ಶಾಲೆಯ ಫೀಸಿಗೆ ಕೊಡುವ ಮುನ್ನ
ಲೈಫ್‌ಬಾಯ್ ಹಾಕಿ ತೊಳೆದು
ಹಂಚಿನ ಮೇಲೆ ಒಣಗಿಸುತ್ತಿದ್ದಳು.
ಮೇಷ್ಟ್ರು ಆದರೂ ಮೂಸುತ್ತಿದ್ದರು.

‘ಇದೇನು ಮೇಲಿಂದ, ಮುನ್ನೂರ ಎಂಬತ್ತು?’
ಬಡ್ಡಿ.
‘ಅಂದರೆ?’
ನಿಮ್ಮ ದುಡ್ಡು ಇಲ್ಲಿದ್ದಷ್ಟು ದಿನ ಹಾಕಿದ್ದು.
ಕೋಂಡು ನನ್ನ ಹಿಂದಿನ ತಿಜೋರಿಯನ್ನು
ಬಹಳ ಹೊತ್ತು ನೋಡಿದ.
‘ಕೋಣ ಇಲ್ಲ, ಹುಲ್ಲಿಲ್ಲ. ಕತ್ತಲಲ್ಲಿ ಕರು.
ತಾಯಿ ಯಾವುದು ಬಾಯೀ?’

ಮೂವತ್ತೆಂಟು ಸಾವಿರ ರುಮಾಲಿಗೆ ಕಟ್ಟಿ,
ಗುರುತಿಲ್ಲದ ಕರುವನ್ನು ಕೊಟ್ಟಿಗೆಗೆ ಕಟ್ಟಲಾರೆ
ಅಂತ ಹೊರಟೇ ಹೋದ.
ಮುಂಡಗೋಡದ ಬಸ್ಸಿಗೆ ಓಡುತ್ತಿದ್ದ ಬೆನ್ನು,
ಕಂಬಳಿಯ ತುದಿ.

ಸಂಜೆ ಲೆಕ್ಕ ಕೂಡಲಿಲ್ಲ.
ಮುನ್ನೂರ ಎಂಬತ್ತು ಹೆಚ್ಚು.
ಮ್ಯಾನೇಜರು ಮೂರು ಸಲ ಎಣಿಸಿದರು,
ಸಹಿಯಾಗಿದೆ, ಖಾತೆಯಲ್ಲಿ ಸೊನ್ನೆ.
ಹೆಚ್ಚಿಗೆ ಬಂದ ಕಾರಣ ಬರೆಯಿರಿ ಅಂದರು.
ಪೆನ್ನು ತೆರೆದು ಕೂತಿದ್ದೇನೆ.
ಕಾವಲಿನವನು ಒಂದು ಶಟರು ಎಳೆದಾಯಿತು.