ಓರೆ ಅಂಗಳ

ಹಳೆಯ ಬೋಲ್ಟು ಮೂರು ರಾತ್ರಿ ಎಣ್ಣೆ ಕುಡಿಯಿತು.
ನಾಲ್ಕನೆಯ ಬೆಳಿಗ್ಗೆ ಮೊಯ್ದು ಸ್ಪ್ಯಾನರಿಗೆ
ಮಾರುದ್ದ ಪೈಪು ತೊಡಿಸಿ, ಬಿಸ್ಮಿ ಹೇಳಿ,
ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ.
ಟಣ್ ಎಂದಿತು.
ಮುರಿಯಿತೋ ಬಿಟ್ಟಿತೋ ಇಬ್ಬರಿಗೂ ತಿಳಿಯಲಿಲ್ಲ.
ಬಿಟ್ಟಿತ್ತು.

ಈ ಜಿಪ್ಸಿ ನನ್ನದಾಗಿ ಎಂಟು ತಿಂಗಳು.
ಮಾದಾಪುರದ ಸುತ್ತ ಯಾವ ತೋಟದಲ್ಲಿ
ಹಸು ಕರು ಹಾಕಲಾರದೆ ಒದ್ದಾಡಿದರೂ
ಇದೇ ನನ್ನ ಆಸ್ಪತ್ರೆ.
ಬೆಲ್ಟನ್ನು ಪೊಲೀಸರಿಗೆ ಕಾಣಲೆಂದು
ಹೆಗಲ ಮೇಲೆ ಎಳೆದುಕೊಳ್ಳುತ್ತಿದ್ದೆ,
ಮದುವೆಮನೆಯಲ್ಲಿ ಶಾಲು ಹೊದ್ದ ಹಾಗೆ.
ಹಟ್ಟಿಹೊಳೆಯ ತಿರುವಿನಲ್ಲಿ ಒಂದು ದಿನ
ಅದು ಬುಡಸಮೇತ ಕೈಗೇ ಬಂತು.

ಮ್ಯಾಟು ಎತ್ತಿದರೆ ಕೆಳಗೊಂದು ಹೋಬಳಿ:
ಕೆಂಪು ಮಣ್ಣು, ಕಿತ್ತಳೆ ಬೀಜ, ಖಾಲಿ ತೋಟಾ ಒಂದು,
ಹಿಡಿಯಷ್ಟು ಕರಿಮೆಣಸು.
‘ಇದನ್ನು ಮಾರಿದ್ರೆ ಒಂದು ಬೋಲ್ಟಿನ ದುಡ್ಡು ಮೇಡಂ’
ಎಂದು ಮೊಯ್ದು ಪೊಟ್ಟಣ ಕಟ್ಟಿದ.

ಬಲಗಡೆಯ ಪಟ್ಟಿಯಲ್ಲಿ ಬೆಳ್ಯಪ್ಪನವರಿದ್ದರು.
ಇಪ್ಪತ್ತೆರಡು ವರ್ಷ ಕೊಂಡಿ ಒಂದೇ ಕಡೆ ಉಜ್ಜಿ
ಬೆಳ್ಳಗಾದ ಗೆರೆ.
ಮೂರು ಬೆರಳು ಬಿಟ್ಟು ಇನ್ನೊಂದು, ಈಚಿನದು,
ಹಾರ್ಟಿನ ಆಪರೇಷನ್ ಆಗಿ ಮೈ ಇಳಿದ ಮೇಲಿನದು.
ನನ್ನ ಗೆರೆ ಎಲ್ಲೂ ಇರಲಿಲ್ಲ.

ಎಡಗಡೆಯದು ಅಂಚಿನುದ್ದಕ್ಕೂ ಜಗಿದದ್ದು.
ಸುರುಳಿಯೊಳಗೆ ಕಂದು ಕೂದಲಿನ ಉಂಡೆ.
ಇಲಿ, ಎಂದ ಮೊಯ್ದು.
ಇಲಿಯ ಹಲ್ಲು ನನಗೆ ಗೊತ್ತು.
ಈ ಹಲ್ಲೂ ಗೊತ್ತು:
ಹೋದ ಕಕ್ಕಡದಲ್ಲಿ, ಇದೇ ಸೀಟಿನಲ್ಲಿ,
‘ವೈಪರ್ ನಿಲ್ಲಿಸಬೇಡಿ’ ಎಂದು ಹೇಳಿ
ಕೊನೆಯ ಸೂಜಿ ಕೊಟ್ಟವಳು ನಾನು.
ಒಂದು ವಾರ ಕಳೆದು ಅವರು
‘ಗಾಡಿ ಬೇಕಾ ಡಾಕ್ಟ್ರೇ’ ಎಂದರು.
ರೇಟು ಕೇಳಿದರೆ, ನೀವೇ ಹೇಳಿ ಎಂದರು.

ಹೊಸ ಬೆಲ್ಟು ಕುಶಾಲನಗರದ್ದು.
ಬಿಗಿದು ಎಳೆದರೆ ಬರುವುದಿಲ್ಲ.
ಮೆಲ್ಲಗೆ ಎಳೆದೆ, ಪುಸಲಾಯಿಸಿದೆ, ಬೈದೆ.
ಗೇಣು ಬಂದು ಕಚ್ಚಿಕೊಳ್ಳುತ್ತದೆ.
ಅಂಗಡಿಯವನು ಫೋನಿನಲ್ಲಿ:
‘ನೋಡಿಯೇ ಕೊಟ್ಟದ್ದು, ಇಲ್ಲಿ ನೀರಿನ ಹಾಗೆ ಬರ್ತಿತ್ತು.’
ಬರುತ್ತದಪ್ಪ. ನಿಮ್ಮೂರಿನ ನೆಲ ಚಪಾತಿ ಮಣೆ.

ಆಗ ಮೊಯ್ದು ಇನ್ನೂ ಕೂರಿಸದ ಸುರುಳಿಯನ್ನು
ಅಂಗೈಯಲ್ಲಿಟ್ಟು ವಾಲಿಸಿದ: ಹಿಡಿಯಿತು.
ನೆಟ್ಟಗೆ ಮಾಡಿದ: ಬಿಟ್ಟಿತು.
‘ಒಳಗೊಂದು ಗುಂಡು ಉಂಟು ಮೇಡಂ.
ಗಾಡಿ ಬೀಳ್ತಾ ಉಂಟು ಅಂತ ಅದು ತಿಳ್ಕೊಂಡಿದೆ.’
ಇಬ್ಬರೂ ನನ್ನ ಅಂಗಳವನ್ನು ನೋಡಿದೆವು.
ಮೂವತ್ತು ವರ್ಷ ಇದೇ ಓರೆಯಲ್ಲಿ
ಕಾಫಿ ಒಣಗಿದೆ,
ಮಕ್ಕಳು ಚೆಂಡಾಡಿ ಚೆಂಡು ಹೊಳೆಪಾಲು ಮಾಡಿದ್ದಾರೆ,
ಯಾರಿಗೂ ಬೀಳುತ್ತಿದ್ದೇವೆ ಅನ್ನಿಸಿರಲಿಲ್ಲ.

ಸಮ ನೆಲ ಹುಡುಕುತ್ತ ಎರಡು ಮೈಲಿ.
ಪಂಚಾಯ್ತಿ ಮುಂದೆ ಓರೆ, ಸೊಸೈಟಿ ಮುಂದೆ ಓರೆ,
ಕೊನೆಗೆ ಹೈಸ್ಕೂಲಿನ ಹಾಕಿ ಮೈದಾನ.
ಗೋಲು ಕಾಯುವ ಹುಡುಗಿ ಪ್ಯಾಡು ಬಿಚ್ಚದೆ ಹತ್ತಿ
ಎಡಗಡೆ ಕೂತು ಎಳೆದಳು. ಸರ್ರನೆ ಬಂತು.
ಪಟ್ಟನೆ ಜಗ್ಗಿದಳು. ನಿಂತಿತು.
‘ಸರಿ ಉಂಟು ಡಾಕ್ಟ್ರೇ’ ಎಂದು
ಗೋಲಿಗೆ ಓಡಿದಳು.

ಸಂಜೆ ಹಳೆಯ ಎಡಗಡೆಯ ಪಟ್ಟಿಯನ್ನು
ಬೆಳ್ಯಪ್ಪನವರಿಗೆ ಕೊಟ್ಟೆ.
ಕನ್ನಡಕ ಏರಿಸಿ ಅಂಚನ್ನು ಓದಿದರು.
‘ಇದು ಹಾಲುಹಲ್ಲಿಂದು.
ಇದು ಆಮೇಲೆ, ಮಡಿಕೇರಿಯಲ್ಲಿ
ನಾನು ಬನ್ನು ಮರೆತ ದಿವಸ.’
ಸುತ್ತಿ ಜೇಬಿಗೆ ತುರುಕಿದರು,
ಹಿಡಿಸದೆ ತುದಿ ಹೊರಗೆ ಜೋತಿತು.
ಬೋಲ್ಟೂ ಹೊಸದು ಹಾಕಿಸಿದ್ದೀರಾ, ಎಂದು ಕೇಳಿದರು.
ಹಾಕಿಸಿದ್ದೇನೆ ಎಂದೆ.

ಅವರ ಅಂಗಳವೂ ಓರೆ.
ಹತ್ತಿ ಕೂತು ಎಳೆದರೆ ಬೆಲ್ಟು ಬರಲಿಲ್ಲ.
ಬ್ರೇಕು ಸಡಿಲಿಸಿ, ಇಂಜಿನ್ ಹಾಕದೆ,
ಗೇಟಿನವರೆಗೆ ಉರುಳಿಕೊಂಡು ಹೋದೆ.
ಅಲ್ಲಿ ಒಂದು ಗಾಡಿಯಷ್ಟೇ ಜಾಗ ಸಮ ಇತ್ತು.
ಅಲ್ಲಿ ಹಾಕಿಕೊಂಡೆ.