ಮೇಲಿನ ದಾರ, ಬಾಬಿನ್ ದಾರ

ಟೆನ್ಷನ್ ಅಂದರೆ ನನಗೆ ಗೊತ್ತಿದ್ದದ್ದು
ಮಿಷಿನ್ನಿನ ಮುಖದ ಮೇಲಿನ ಆ ಪುಟ್ಟ ತಿರುಪು.
ಬಿಗಿಯಾದರೆ ದಾರ ಪಟ್ಟನೆ ಹರಿಯುತ್ತದೆ,
ಸಡಿಲಾದರೆ ಜೀನ್ಸಿನ ಒಳಮಗ್ಗುಲಲ್ಲಿ
ಹೊಲಿಗೆ ಹುಳದ ಹಾಗೆ ಜೋತುಬೀಳುತ್ತದೆ.
ಬಳ್ಳಾರಿಯ ಕೌಲ್ ಬಜಾರಿನ ಒಂದು ಮಹಡಿಯಲ್ಲಿ
ಇಪ್ಪತ್ತೆರಡು ವರ್ಷ ಅದನ್ನು ತಿರುವಿದ್ದೇನೆ.
ಸುಂಕಮ್ಮನ ತಿರುಪು ಎಲ್ಲಿದೆ ಅಂತ
ಯಾರೂ ಹೇಳಿರಲಿಲ್ಲ.

ತಲೆನೋವು ಕೂಡ ಇರಲಿಲ್ಲ, ಸುಳ್ಳೇಕೆ.
ಸೂಜಿಗಣ್ಣು ಕಾಣದೆ ಚಾಳೀಸು ಬರೆಸಲು ಹೋದವಳ
ರಟ್ಟೆಗೆ ಪಟ್ಟಿ ಸುತ್ತಿ ಗಾಳಿ ಊದಿದಳು ನರ್ಸು.
ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ಊದಿದಳು.
ನೂರ ಎಪ್ಪತ್ತೆಂಟು, ಕೆಳಗೆ ನೂರ ನಾಲ್ಕು.
"ಇಷ್ಟು ದೊಡ್ಡ ಸೊಂಟದ ಪ್ಯಾಂಟು ನಾ ಹೊಲಿದಿಲ್ಲಮ್ಮ" ಅಂದೆ.
ಅವಳು ನಗಲಿಲ್ಲ.

ಮೊದಲೊಂದು ಬಿಳಿ ಗುಳಿಗೆ,
ತಿಂಗಳು ಕಳೆದ ಮೇಲೆ ಜೊತೆಗೊಂದು ಗುಲಾಬಿ.
ಹಳೇ ಬಾಬಿನ್ ಡಬ್ಬಿಯಲ್ಲಿ ಸಂಸಾರ ಹೂಡಿದವು.
ಬಿಳಿಯದು ನೆನಪಾದ ದಿನ ಗುಲಾಬಿ ಮರೆವು,
ಆರ್ಡರ್ ಬಿದ್ದ ವಾರ ಎರಡೂ ಮರೆವು,
ಮರೆತದ್ದನ್ನೆಲ್ಲ ಭಾನುವಾರ ಕೂಡಿಸಿ ನುಂಗಿ
ಹಾರು ಹೊಲಿಗೆ ಹಾಕಿಕೊಂಡೆ ನನಗೆ ನಾನೇ.

ಆಮೇಲೆ ಬಂತು ಹಳದಿಯದು.
"ಇನ್ನು ದಿನಕ್ಕೆ ಇದೊಂದೇ" ಅಂದಿದ್ದರಂತೆ ಡಾಕ್ಟರು.
ಸಾಲು ಉದ್ದವಿತ್ತು, ಫ್ಯಾನು ಗರಗರ ಅನ್ನುತ್ತಿತ್ತು,
ನನ್ನ ಕಿವಿಗೆ ಬಿದ್ದದ್ದು "ಇನ್ನೂ ಒಂದು".
ಬಿಳಿ, ಗುಲಾಬಿ, ಹಳದಿ, ಮೂರು ದಿನ, ತಪ್ಪದೆ.
ಜೀವಮಾನದಲ್ಲಿ ಅಷ್ಟು ಶಿಸ್ತಾಗಿ ನಾನು ಇದ್ದದ್ದೇ ಇಲ್ಲ.

ನಾಲ್ಕನೆಯ ದಿನ, ಮೇ ತಿಂಗಳ ತಗಡಿನ ಕೆಳಗೆ,
ನೀರು ಕುಡಿಯಲೆಂದು ಎದ್ದೆ.
ನೆಲ ತಾನಿನಂತೆ ಸುರುಳಿ ಬಿಚ್ಚಿಕೊಂಡು ಹೋಯಿತು.
ಶಹತಾಜ್ ಹಿಡಿಯದಿದ್ದರೆ
ಕತ್ತರಿ ಟೇಬಲ್ಲಿನ ಮೂಲೆ ಹಣೆಯಲ್ಲಿರುತ್ತಿತ್ತು.

"ಮನೇಲಿರೋದೆಲ್ಲ ತಗಂಡು ಬಾ" ಅಂದರು ಡಾಕ್ಟರು.
ಡಬ್ಬಿ ಕವುಚಿದೆ ಮೇಜಿನ ಮೇಲೆ.
ಗುಂಡಿ ಬಿದ್ದವು, ಮುರಿದ ಸೂಜಿ, ಒಂದು ಜಿಪ್ಪಿನ ತುದಿ,
ಮೂರು ಬಣ್ಣದ ಗುಳಿಗೆ,
ಬೆನ್ನುನೋವಿಗೆ ಅಂಗಡಿಯಿಂದ ನಾನೇ ತರಿಸಿದ ಮಾತ್ರೆ.
ಅದನ್ನು ಕಂಡೇ ಅವರ ಹುಬ್ಬು ಗಂಟಾಯಿತು.
"ಇದು ಒಂದು ಕಡೆ ಬಿಪಿ ಏರಿಸ್ತೈತೆ, ಇನ್ನೊಂದು ಕಡೆ ಕಿಡ್ನಿ ತಿಂತೈತೆ.
ನೋಡವ್ವ, ಈ ಹಳದಿ ಒಳಗೇ ಆ ಬಿಳೀನೂ ಐತೆ, ಆ ಗುಲಾಬೀನೂ ಐತೆ."

ನಾನು ಸ್ವಲ್ಪ ಹೊತ್ತು ನೋಡಿದೆ.
"ಹಂಗಾದ್ರೆ ಮೇಲಿನ ದಾರ, ಬಾಬಿನ್ ದಾರ, ಎರಡೂ ಕೂಡಿ ಒಂದು ಹೊಲಿಗೆ.
ನಾ ಅದರ ಮ್ಯಾಲೆ ಮತ್ತೆ ಹೊಲಿದೆ."
ಚೀಟಿ ಬಿಟ್ಟು ಡಾಕ್ಟರು ಮೊದಲ ಸಲ ನನ್ನ ಮುಖ ನೋಡಿದರು.

ಈಗ ಬೆಳಗಿನ ಚಹಾಕ್ಕೆ ಒಂದೇ ಹಳದಿ.
ಮರೆತರೆ ಮರೆತದ್ದೇ, ಮರುದಿನ ಎರಡಿಲ್ಲ.
ಎದ್ದೇಳುವಾಗ ಮಿಷಿನ್ನಿನ ಹಲಗೆ ಹಿಡಿದು ಒಂದು ಉಸಿರು ನಿಲ್ಲುತ್ತೇನೆ,
ಹುಡುಗರು ನಗುತ್ತಾರೆ. ನಗಲಿ.

ನಿನ್ನೆ ಊಟದ ಹೊತ್ತಿಗೆ ಶಹತಾಜ್ ಬಂದು ಕಿವಿಯಲ್ಲಿ ಕೇಳಿದಳು,
"ಸೊಸೆಗೆ ಏಳು ತಿಂಗಳು. ಕಾಲೆಲ್ಲ ಬಾತೈತೆ, ಬಿಪಿ ಅಂತೆ.
ನಿನ್ನವು ನಾಲ್ಕು ಕೊಡು."
ನನ್ನನ್ನು ಬೀಳದಂತೆ ಹಿಡಿದ ಕೈ, ಚಾಚಿತ್ತು.

ಮುಟ್ಟು ನಿಂತಿದೆಯಾ ಅಂತ ಡಾಕ್ಟರು ಕೇಳಿದಾಗ
ಸೆರಗು ಬಾಯಿಗಿಟ್ಟು ನಕ್ಕಿದ್ದೆ.
ಬಸಿರಲ್ಲಿ ಇದು ಕೂಸಿಗೆ ವಿಷ ಅಂದಿದ್ದರು.
"ಇದು ನನ್ನ ಅಳತೆಗೆ ಕತ್ತರಿಸಿದ್ದು, ಕೊಡಲ್ಲ" ಅಂದೆ.
ಶಹತಾಜ್ ಡಬ್ಬಿ ಮುಚ್ಚಿ ಎದ್ದುಹೋದಳು, ಸಂಜೆಯವರೆಗೆ ಮಾತಿಲ್ಲ.

ಇವತ್ತು ಅರ್ಧ ದಿನದ ಕೂಲಿ ಬಿಟ್ಟು
ಮೂವರೂ ದೊಡ್ಡಾಸ್ಪತ್ರೆಯ ಬೆಂಚಿನ ಮೇಲಿದ್ದೇವೆ.
ಹುಡುಗಿ ಹೆದರಿ ಏನೇನೋ ಮಾತಾಡುತ್ತಾಳೆ.
ನೀಲಿ ಹತ್ತಿದ ಬೆರಳಲ್ಲಿ ಅವಳ ತೋಳು ಮೇಜಿಗೆ ಆನಿಸಿ
ಹೇಳುತ್ತೇನೆ, ಐದು ನಿಮಿಷ, ತಾಯಿ,
ಸುಮ್ಮನೆ ಕೂಡು.
ಶಹತಾಜ್ ಇನ್ನೂ ಆ ಕಡೆ ನೋಡುತ್ತಿದ್ದಾಳೆ,
ಆದರೆ ನನ್ನ ಚೀಲ ಅವಳ ಮಡಿಲಲ್ಲಿದೆ.