ಎಪ್ಪತ್ತೆಂಟನೇ ನಿಮಿಷ

ಟೆಗ್ವೆನ್ ಬಂದಿದ್ದಾಳೆ, ಒಬ್ಬಳೇ.
ನಮ್ಮ ಕಾಲದಲ್ಲಾದರೆ ಒಂದು ಸಂದರ್ಶನಕ್ಕೆ
ಐದು ಜನ, ಒಂದು ವ್ಯಾನು,
ದೀಪ ಹಿಡಿಯುವವನಿಗೆ ಬೇರೆ ಬಿಯರು.
ಇವಳೇ ಕ್ಯಾಮೆರಾ, ಇವಳೇ ಮೈಕು,
ರಾತ್ರಿ ಕೂತು ಕತ್ತರಿಸುವವಳೂ ಇವಳೇ.
ಸ್ವಾನ್ಸೀ ಬಸ್ಸಿಳಿದು, ಸ್ಟ್ಯಾಂಡು ಹೆಗಲಿಗೇರಿಸಿ,
ನಮ್ಮ ಬೀದಿಯ ಏರು ಹತ್ತಿ ಬಂದಿದ್ದಾಳೆ.

ಶುರು ಹಚ್ಚಿಕೊಂಡೆ, ಮುದುಕರ ಪಲ್ಲವಿ:
ಈಗಿನ ಪರದೆ ನೋಡು, ಆಟಗಾರರ ಕಾಲಡಿಯಲ್ಲೇ
ಬಾಜಿಯ ದರ ಹರಿಯುತ್ತದೆ, ಚರಂಡಿ ಹಾಗೆ.
ಸೋತವನಿಗೆ ಉಸಿರು ಮರಳುವ ಮುಂಚೆ
'ಹೇಗನಿಸುತ್ತಿದೆ?' ಅಂತ ಮೈಕು ತುರುಕುತ್ತಾರೆ.
ಸ್ಟುಡಿಯೋದಲ್ಲಿ ನಾಲ್ವರು ಒಟ್ಟಿಗೆ ಕೂಗುತ್ತಾರೆ,
ಮೀನು ಮಾರುವವರಿಗೂ ಅದಕ್ಕಿಂತ ಲಯವಿತ್ತು.
ನಾವು ಮೌನ ಬಿಡುತ್ತಿದ್ದೆವು, ಕಣಮ್ಮ.
ಚೆಂಡು ಗಾಳಿಯಲ್ಲಿದ್ದಾಗ
ಹತ್ತು ಸಾವಿರ ಜನರ ಉಸಿರು ಕೇಳಲಿ ಅಂತ
ಬಾಯಿ ಮುಚ್ಚುತ್ತಿದ್ದೆವು.

ಅವಳು ತಲೆಯಾಡಿಸಿದಳು. ಚಹಾ ಆರಿತು.
ಆಮೇಲೆ ಲ್ಯಾಪ್‌ಟಾಪು ತೆರೆದು ನನ್ನ ಕಡೆ ತಿರುಗಿಸಿದಳು.

ಮಳೆ, ಕೆಸರು, ಬಣ್ಣ ಬಿಟ್ಟ ಹಳೇ ಟೇಪು.
ಎಪ್ಪತ್ತೆಂಟನೇ ನಿಮಿಷ. ಗೆಥಿನ್ ಪ್ರೋಬರ್ಟ್
ಯಾರದೋ ಮೊಣಕಾಲಿಗೆ ತಲೆ ಕೊಟ್ಟು ಬೀಳುತ್ತಾನೆ.
ಏಳುತ್ತಾನೆ.
ಎದುರಾಳಿಗಳ ಸಾಲಿಗೆ ಹೋಗಿ ನಿಲ್ಲುತ್ತಾನೆ.
ಗ್ಯಾಲರಿ ನಗುತ್ತದೆ.
ಮತ್ತು ನನ್ನ ಧ್ವನಿ, ಎಳೆಯದು, ಬೆಣ್ಣೆಯಂಥದು:
'ಗಣಿಯ ಮಗ ನೋಡಿ! ತಲೆಯಲ್ಲ ಅದು, ಕಲ್ಲಿದ್ದಲ ಬಂಡೆ.
ಪೆಟ್ಟಾದದ್ದು, ಪಾಪ, ಆ ಮೊಣಕಾಲಿಗೆ.'

ವಾರವಿಡೀ ಪಬ್ಬಿನಲ್ಲಿ ಅದನ್ನೇ ಹೇಳಿಸಿ ಹೇಳಿಸಿ ಕುಡಿಸಿದರು.
ಅದೇ ರಾತ್ರಿ, ತಂಡದ ಡಾಕ್ಟರು ಪಕ್ಕದಲ್ಲೇ ಕೂತು ಅಂದಿದ್ದ:
'ಹುಡುಗನಿಗೆ ತನ್ನ ಮನೆ ಯಾವ ಬೀದಿ ಅಂತ ಗೊತ್ತಾಗ್ತಿಲ್ಲ.'
ಇಬ್ಬರೂ ಲೋಟ ಎತ್ತಿದೆವು.
ಡಾಕ್ಟರು ಗೆಳೆಯ, ತರಬೇತುದಾರ ಭಾವಮೈದುನ,
ಕಾಮೆಂಟರಿ ಡಬ್ಬಿಯ ಬೀಗದ ಕೈ ಕ್ಲಬ್ಬಿನವರ ಜೇಬಿನಲ್ಲಿ.
ಘನತೆ ಅಂತ ಕರೆಯುತ್ತಿದ್ದೆವು ಅದನ್ನು.

ಈಗ ಗೆಥಿನ್ ಬ್ರೆಡ್ಡಿಗೆ ಸೋಪು ಸವರುತ್ತಾನಂತೆ.
ಹೆಂಡತಿ ಕೆಟಲಿಗೆ ಚೀಟಿ ಅಂಟಿಸಿದ್ದಾಳೆ, ಬಚ್ಚಲ ಬಾಗಿಲಿಗೆ,
ತನ್ನ ಸ್ವೆಟರಿಗೂ ಒಂದು: 'ಮೈರ್' ಅಂತ.
ಹೇಳಿದ್ದು ಟೆಗ್ವೆನ್.
ನಾನು ಇರುವುದು ಎರಡು ಬೀದಿ ಆಚೆ. ಹೋಗಿ ನೋಡಿಲ್ಲ.

'ನಿಮಗೆ ಗೊತ್ತಿತ್ತಾ?'
ಮೈಕು ತುರುಕಲಿಲ್ಲ. ಮೇಜಿನ ಮೇಲೆ, ಚಮಚದ ಪಕ್ಕ ಇಟ್ಟಳು.
ಕಾದಳು. ನಾವು ಕಾಯುತ್ತಿದ್ದೆವು ಅಂದೆನಲ್ಲ,
ಅದಕ್ಕಿಂತ ಉದ್ದ.

ಅವಳ ಚಾನೆಲ್ಲಿನಲ್ಲಿ ಇದಕ್ಕೆ ತೊಂಬತ್ತು ಸೆಕೆಂಡು ಜಾಗ,
ಹಿಂದೆ ಮುಂದೆ ಬಾಜಿ ಕಂಪನಿಯ ಜಾಹೀರಾತು.
ಹಾಕದೆಯೂ ಇದ್ದಾರು, ಅವಳೇ ಹೇಳಿದಳು,
ಹಾಗಂತ ಬಸ್ಸು ಹತ್ತದೆ ಇರಲಾಗುತ್ತದೆಯೇ.

ಗಂಟಲು ಸರಿಮಾಡಿಕೊಂಡೆ, ನೇರಪ್ರಸಾರದ ಹಳೇ ಚಟ.
ನಲವತ್ತು ವರ್ಷ ಮಾತಿನ ಅನ್ನ ತಿಂದವನಿಗೆ
ಒಂದೇ ಒಂದು ಪದ ಹೊರಡಿಸಲು
ಮೇಜಿನ ಅಂಚು ಹಿಡಿಯಬೇಕಾಯಿತು.

'ಗೊತ್ತಿತ್ತು.'

ಅವಳು ಕಿವಿಯ ಹೆಡ್‌ಫೋನು ಸರಿಸಿ,
ಕ್ಷಮಿಸಿ, ಹೊರಗೆ ಲಾರಿ ಹೋಯಿತು,
ಇನ್ನೊಂದು ಸಲ ಹೇಳ್ತೀರಾ ಅಂದಳು.